ಒಂಬತ್ತು ಸೆಕೆಂಡಿನ ಅಲುಗಾಟದ ಬಗ್ಗೆ ಸಮಜಾಯಿಷಿ

ಸ್ಮಾರಕ ಉಪನ್ಯಾಸ ಸಮಿತಿಯ ಮಾನ್ಯ ಸಂಚಾಲಕರೇ, ಮತ್ತು ಆ ಮಾನ್ಯತೆ ಇಂದಲ್ಲ ನಾಳೆ ತಮಗೂ ಬಂದೀತೆಂದು ಪಕ್ಕದ ಕುರ್ಚಿಯಲ್ಲಿ ಹನ್ನೆರಡು ವರ್ಷದಿಂದ ಕಾದು ಕುಳಿತಿರುವ ಮಾನ್ಯ ಉಪಸಂಚಾಲಕರೇ,

ತಮ್ಮಿಬ್ಬರಿಗೂ, ತಮ್ಮ ವೇದಿಕೆಗೂ, ಅದರ ಬಲತುದಿಯಲ್ಲಿ ಪ್ರತಿವರ್ಷ ಧೂಳು ಒರೆಸಿಕೊಂಡು ಹಾಜರಾಗುವ ಪ್ಲಾಸ್ಟಿಕ್ ಹೂಗಳ ಕುಂಡಕ್ಕೂ ನನ್ನ ಆದರದ ವಂದನೆಗಳು.

ತಾವು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಪತ್ರ ಕೈಸೇರಿತು. ಟೆಲಿವಿಷನ್ ಮತ್ತು ಪ್ರಸಾರ ಮಾಧ್ಯಮ ಕುರಿತ ಹನ್ನೆರಡನೆಯ ವಾರ್ಷಿಕ ಸ್ಮಾರಕ ಉಪನ್ಯಾಸಕ್ಕೆ ಸಭಿಕರ ಸಾಲಿನಿಂದ ಉಂಟಾದ ಅಡಚಣೆಗೆ ನಾನೇ ಮೂಲ ಕಾರಣಳೆಂದು ತಿಳಿದುಬಂದಿರುವುದರಿಂದ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು ಎಂದು ಅದರಲ್ಲಿ ಅಪ್ಪಣೆಯಾಗಿದೆ. ನಿವೃತ್ತಳಾಗಿ ಹನ್ನೊಂದು ವರ್ಷವಾದ ಮೇಲೆ, ಎಪ್ಪತ್ತೊಂದರ ವಯಸ್ಸಿನಲ್ಲಿ, ನನ್ನಿಂದ ಇನ್ನೂ ಸಮಜಾಯಿಷಿ ಕೇಳುವವರಿದ್ದಾರೆ ಎಂಬುದು ಎಷ್ಟು ಹಿತವಾಗಿದೆ ಎಂದು ಹೇಗೆ ವಿವರಿಸಲಿ? ಆ ದಿನ ಮಂಡಿನೋವು ಕೂಡ ಸ್ವಲ್ಪ ಕಡಿಮೆಯಾಗಿತ್ತು.

ತಮಗೆ ಗೊತ್ತಿರುವಂತೆ, ಅಥವಾ ತಮ್ಮ ಆಹ್ವಾನ ಪತ್ರಿಕೆ ನನ್ನನ್ನು 'ಶ್ರೀಯುತ ಉದ್ಘೋಷಕರು' ಎಂದು ಕರೆಯುವುದರಿಂದ ಬಹುಶಃ ಗೊತ್ತಿಲ್ಲದಿರುವಂತೆ, ನಾನು ನಮ್ಮ ಪ್ರಸಾರ ಕೇಂದ್ರದಲ್ಲಿ ಇಪ್ಪತ್ತೊಂಬತ್ತು ವರ್ಷ ಉದ್ಘೋಷಕಿಯಾಗಿದ್ದವಳು. ಕಾರ್ಯಕ್ರಮಗಳ ನಡುವೆ ಪರದೆಯ ಮೇಲೆ ಬಂದು, ಮುಂದೇನು ಬರಲಿದೆ ಎಂದು ತಿಳಿಸಿ, ಅದು ಬಾರದೇ ಹೋದಾಗ 'ಅಡಚಣೆಗಾಗಿ ವಿಷಾದಿಸುತ್ತೇವೆ' ಎಂದು ಮುಗುಳ್ನಗುವುದು ನನ್ನ ಉದ್ಯೋಗ. ಕರೆಂಟು ಹೋಗಿದ್ದಕ್ಕೆ ವಿಷಾದಿಸಿದ್ದೇನೆ, ಟೇಪು ಸಿಕ್ಕಿಕೊಂಡಿದ್ದಕ್ಕೆ ವಿಷಾದಿಸಿದ್ದೇನೆ, ಟ್ರಾನ್ಸ್‌ಮಿಟರ್ ಕೋಣೆಯಲ್ಲಿ ಬೆಕ್ಕು ಮರಿ ಹಾಕಿದ್ದಕ್ಕೂ ಅಷ್ಟೇ ಗಂಭೀರವಾಗಿ ವಿಷಾದಿಸಿದ್ದೇನೆ. ಅಷ್ಟು ವರ್ಷಗಳಲ್ಲಿ ಒಂದು ಅಡಚಣೆಯೂ ನನ್ನದಾಗಿರಲಿಲ್ಲ. ಕೊನೆಗೂ ನನ್ನದೇ ಸ್ವಂತದ ಒಂದು ಅಡಚಣೆ ದೊರೆತಿರುವಾಗ ಅದನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಈ ಬಹಿರಂಗ ಪತ್ರ.

ಮೊದಲು ತಮ್ಮ ಮಾಲಿಕೆಯನ್ನು ಹೊಗಳುವುದು ನ್ಯಾಯ. ಹನ್ನೆರಡು ಉಪನ್ಯಾಸಗಳಲ್ಲಿ ಹನ್ನೊಂದನ್ನು ಕೇಳಿದ್ದೇನೆ. ತಪ್ಪಿದ ಒಂದರ ದಿನ ನನಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಿತ್ತು. ಅದೃಷ್ಟ ಅನ್ನಬೇಕು, ಅರಿವಳಿಕೆ ಕೊಟ್ಟಿದ್ದರು. ಈ ಸೌಲಭ್ಯವನ್ನು ತಮ್ಮ ಸಭಾಂಗಣಕ್ಕೂ ವಿಸ್ತರಿಸಬಹುದೇ ಎಂದು ಪರಿಶೀಲಿಸಿ. 'ಟೆಲಿವಿಷನ್ನಿನ ನಾಳೆ' ಎಂದು ಒಬ್ಬ ಪಂಡಿತರು ಮಾತಾಡಿದರು, ಮರುವರ್ಷ 'ನಾಳಿನ ಟೆಲಿವಿಷನ್' ಎಂದು ಇನ್ನೊಬ್ಬರು, ಅದರ ಮರುವರ್ಷ 'ನಾಳೆಯ ನಂತರ ಟೆಲಿವಿಷನ್' ಎಂದು ಮತ್ತೆ ಮೊದಲಿನವರೇ. ಪ್ರಸಾರ ಶಾಸ್ತ್ರವನ್ನು ಅರೆದು ಕುಡಿದ ಇಷ್ಟೊಂದು ಮಂದಿ ಒಬ್ಬರಾದ ಮೇಲೊಬ್ಬರು ಮೈಕಿನ ತಲೆಗೆ ಬೆರಳಿನಿಂದ ತಟ್ಟಿ 'ಕೇಳಿಸ್ತಿದೆಯಾ?' ಎಂದು ಕೇಳುವುದನ್ನು ಬೇರೆಲ್ಲಿ ನೋಡಲಿ?

ಯಾರ ನೆನಪಿಗಾಗಿ ಇದೆಲ್ಲ ನಡೆಯುತ್ತದೋ ಆ ದಿವಂಗತ ನಿರ್ದೇಶಕರು ನಮ್ಮ ಕೇಂದ್ರವನ್ನು ಹದಿನಾಲ್ಕು ವರ್ಷ ನಡೆಸಿದವರು. ಅವರು ಕೆಟ್ಟವರಲ್ಲ. ಗಡಿಯಾರದ ಮನುಷ್ಯ, ಆರು ಗಂಟೆಯ ಕಾರ್ಯಕ್ರಮ ಆರು ಗಂಟೆಗೇ ಹೋಗಬೇಕು, ಅದರಲ್ಲಿ ಏನಿದೆ ಎಂಬುದು ಆಮೇಲಿನ ಮಾತು. ನಮ್ಮ ತಾಯಿ ಆಸ್ಪತ್ರೆಯಲ್ಲಿದ್ದಾಗ ನನಗೆ ಕೇಳದೆಯೇ ರಜೆ ಕೊಟ್ಟರು, ಆ ರಜೆಯ ಅರ್ಜಿಯನ್ನು ಆಮೇಲೆ ಮೂರು ಸಲ ತಿದ್ದಿಸಿದರು. ಬದುಕಿದ್ದಾಗ ಅವರು ಇಷ್ಟೇ ಎತ್ತರದ ಮನುಷ್ಯ. ತೀರಿಕೊಂಡ ಮೇಲೆ ಅವರು ಬೆಳೆದ ಬಗೆ ಮಾತ್ರ ಬೆರಗು ಹುಟ್ಟಿಸುವಂಥದ್ದು, ಮತ್ತು ಅದರ ಸಂಪೂರ್ಣ ಶ್ರೇಯಸ್ಸು ತಮ್ಮ ಸಮಿತಿಗೆ ಸಲ್ಲಬೇಕು.

ಮೂವತ್ತೆಂಟು ವರ್ಷಗಳ ಹಿಂದೆ ನದಿ ಉಕ್ಕಿ ಊರಿನ ತಗ್ಗುಬೀದಿಗಳೆಲ್ಲ ಮುಳುಗಿದಾಗ, ಯಾರು ಯಾವ ಶಾಲೆಯಲ್ಲಿ ಸುರಕ್ಷಿತರಾಗಿದ್ದಾರೆ ಎಂಬ ಹೆಸರುಗಳನ್ನು ನಮ್ಮ ಕೇಂದ್ರ ಎರಡು ಹಗಲು, ನಡುವಿನ ರಾತ್ರಿಯೂ ಬಿಡದೆ, ಓದಿತು. ಇದು ತಮ್ಮೆಲ್ಲ ಉಪನ್ಯಾಸಗಳ ಕಿರೀಟ. ಮೊದಲನೆಯ ಉಪನ್ಯಾಸದಲ್ಲಿ ಇದು ನಿರ್ದೇಶಕರ 'ಅವಧಿಯಲ್ಲಿ' ನಡೆಯಿತು. ಸರಿಯಾದ ಮಾತು, ಚಪ್ಪಾಳೆ ತಟ್ಟಿದೆ. ಮೂರನೆಯದರಲ್ಲಿ ಅವರ 'ಮಾರ್ಗದರ್ಶನದಲ್ಲಿ' ನಡೆಯಿತು. ಆರನೆಯದರಲ್ಲಿ ಅವರ 'ಸಮ್ಮುಖದಲ್ಲಿ'. ಒಂಬತ್ತನೆಯದರಲ್ಲಿ ಅವರೇ ಮೊಣಕಾಲುದ್ದ ನೀರಿನಲ್ಲಿ ನಿಂತು ಹೆಸರು ಓದಿದರು, ಪಕ್ಕದಲ್ಲಿ 'ಒಬ್ಬ ಮಹಿಳಾ ಸಿಬ್ಬಂದಿ' ಕಾಗದ ಎತ್ತಿಕೊಡುತ್ತಿದ್ದರು. ಆ ಮಹಿಳಾ ಸಿಬ್ಬಂದಿ ಅಂದು ನಾಲ್ಕನೆಯ ಸಾಲಿನಲ್ಲಿ ಕುಳಿತು ಕೈಚೀಲದಲ್ಲಿ ಬಿಸ್ಕತ್ತು ಹುಡುಕುತ್ತಿದ್ದಳು. ನಮ್ಮ ಕೇಂದ್ರ ಇದ್ದದ್ದು ಗುಡ್ಡದ ನೆತ್ತಿಯ ಮೇಲೆ. ಅಲ್ಲಿಗೆ ಮೊಣಕಾಲುದ್ದ ನೀರು ಬಂದಿದ್ದರೆ ಊರಿನಲ್ಲಿ ಹೆಸರು ಓದಿಸಿಕೊಳ್ಳಲು ಒಬ್ಬರೂ ಉಳಿದಿರುತ್ತಿರಲಿಲ್ಲ.

ಸತ್ಯ ಏನೆಂದರೆ, ಹೇಳಲು ನನಗೇ ಸಂಕೋಚ, ಆ ಎರಡು ದಿನ ನಿರ್ದೇಶಕರು ಬೇರೆ ಊರಿನಲ್ಲಿದ್ದರು. 'ವಿಪತ್ತಿನ ಸಂದರ್ಭದಲ್ಲಿ ಪ್ರಸಾರ' ಎಂಬ ಮೂರು ದಿನಗಳ ಕಾರ್ಯಾಗಾರಕ್ಕೆ ಹೋಗಿದ್ದರು. ರಸ್ತೆ ಕಡಿದುಹೋಗಿತ್ತು, ಬರಲಾಗಲಿಲ್ಲ. ಅದಕ್ಕೆ ಅವರನ್ನು ದೂರುವಂತಿಲ್ಲ. ಒಮ್ಮೆ ಮಾತ್ರ ಫೋನು ಸಿಕ್ಕಿತು. 'ಐದು ಗಂಟೆಗೆ ಹೂದೋಟದ ಕಾರ್ಯಕ್ರಮ ಇತ್ತಲ್ಲ, ಯಾಕಮ್ಮ ಹೋಗ್ಲಿಲ್ಲ?' ಎಂದು ಕೇಳಿದರು. 'ಸಾರ್, ಹೂದೋಟಗಳೇ ಹೋಗಿವೆ' ಎಂದೆ. 'ಹಾಗಾದ್ರೆ ಬದಲಾವಣೆ ಅಂತ ದಾಖಲೆಯಲ್ಲಿ ಬರೆದಿಡಿ' ಎಂದರು. ಬರೆದಿಟ್ಟೆ.

ಕೇಂದ್ರದಲ್ಲಿ ಆ ಹೊತ್ತು ಸ್ಟುಡಿಯೋ ಕೆಲಸಕ್ಕೆ ಉಳಿದಿದ್ದವರು ಮೂವರು. ಗೇಟಿನಲ್ಲಿ ಕ್ಯಾಂಟೀನ್ ಅಕ್ಕ, ಮೈಕಿನ ಮುಂದೆ ನಾನು, ಕ್ಯಾಮೆರಾದ ಹಿಂದೆ ಮೌನಿ. ಮೌನಿ ಎಂಬುದು ನಾವಿಟ್ಟ ಹೆಸರು. ಆ ಮನುಷ್ಯ ಬೆಳಗ್ಗೆ ಬಂದಾಗ ಒಮ್ಮೆ ತಲೆಯಾಡಿಸುತ್ತಿದ್ದರು, ಸಂಜೆ ಹೋಗುವಾಗ ಒಮ್ಮೆ, ನಡುವೆ ಏನಾದರೂ ಹೇಳುವುದಿದ್ದರೆ ಲೆನ್ಸಿಗೆ ಹೇಳಿಕೊಳ್ಳುತ್ತಿದ್ದರು. ಶಾಲೆಗಳಲ್ಲಿ ಜನರ ಹೆಸರು ಬರೆದ ಚೀಟಿಗಳನ್ನು ಸೈಕಲ್ಲಿನವರು, ಟ್ರ್ಯಾಕ್ಟರಿನವರು ತೊಯ್ದುಕೊಂಡೇ ತಂದು ಗೇಟಿಗೆ ಕೊಡುತ್ತಿದ್ದರು. ಅಕ್ಕ ಅವನ್ನು ಬ್ರೆಡ್ಡು ಬಿಸಿಮಾಡುವ ಕಾವಲಿಯ ಮೇಲೆ ಹರಡಿ ಒಣಗಿಸಿ, ಅಕ್ಷರ ಮೂಡಿದ ಮೇಲೆ ನನಗೆ ತಂದುಕೊಡುತ್ತಿದ್ದಳು. ನಾನು ಓದುತ್ತಿದ್ದೆ. ಗುಡ್ಡದ ಮೇಲೆ, ಎತ್ತರದ ಬೀದಿಗಳಲ್ಲಿ, ಪಕ್ಕದ ಊರುಗಳಲ್ಲಿ ಟಿ.ವಿ. ಇದ್ದ ಮನೆಗಳ ಮುಂದೆಲ್ಲ ಜನ ಸೇರಿ ಕೇಳುತ್ತಿದ್ದರು.

ಆ ಮೊದಲ ದಿನ ಮೌನಿಯ ಹೆಂಡತಿ ನದಿಯ ಆಚೆ ದಂಡೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸದಲ್ಲಿದ್ದಳು. ಆರು ವರ್ಷದ ಮಗಳನ್ನು ತಗ್ಗುಬೀದಿಯಲ್ಲಿದ್ದ ಪಕ್ಕದ ಮನೆಯವರ ಬಳಿ ಬಿಟ್ಟು ಇವರು ಕೆಲಸಕ್ಕೆ ಬಂದಿದ್ದರು. ಬೆಳಗ್ಗೆ ಹತ್ತಕ್ಕೆ ಆ ಬೀದಿಯಲ್ಲಿ ಮನೆಗಳ ಕಿಟಕಿಯವರೆಗೂ ನೀರು ಎಂದು ಸುದ್ದಿ ಬಂತು. ಮಧ್ಯಾಹ್ನ ಆ ನೆರೆಮನೆಯವರ ಹೆಸರು ಒಂದು ಚೀಟಿಯಲ್ಲಿ ಬಂತು, ಅವರ ಜೊತೆ ಮಗುವಿನ ಹೆಸರು ಇರಲಿಲ್ಲ. ಅದನ್ನು ಓದುವಾಗ ನಾನು ಕಣ್ಣೆತ್ತಿ ನೋಡಿದೆ. ಮೌನಿ ಲೆನ್ಸಿನ ಹಿಂದೆ ಇದ್ದ ಹಾಗೆಯೇ ಇದ್ದರು. ನಡುವೆ ಒಮ್ಮೆ ನೀರು ಕುಡಿಯಲು ನಿಲ್ಲಿಸಿದಾಗ 'ನೀವು ಹೋಗಿ ನೋಡ್ಕೊಂಡು ಬನ್ನಿ, ಕ್ಯಾಮೆರಾ ಹಾಗೇ ನಿಲ್ಲಿಸಿಡೋಣ' ಎಂದೆ. 'ಎಲ್ಲಿಗಂತ ಹೋಗ್ಲಿ ಅಕ್ಕಾ? ಯಾವ ಶಾಲೆ ಅಂತ ನೀವೇ ಹೇಳ್ಬೇಕು' ಎಂದರು. ಅವರು ನನ್ನೊಡನೆ ಆಡಿದ ಅತಿ ಉದ್ದದ ವಾಕ್ಯ ಅದು. ನಾನು ಮುಂದಿನ ಚೀಟಿ ಎತ್ತಿಕೊಂಡೆ.

ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಕೈಗೆ ಬಂದ ಚೀಟಿಯ ಒಂದು ಮೂಲೆ ಕಾವಲಿಯ ಮೇಲೆ ಸುಟ್ಟಿತ್ತು. ಅದರಲ್ಲಿ ಯಾರೋ ಶಿಕ್ಷಕರು ದುಂಡಗೆ ಬರೆದಿದ್ದರು: 'ಹೆಣ್ಣುಮಗು, ಆರು ವರ್ಷ ಇರಬಹುದು. ಹೆಸರು ಕೇಳಿದರೆ ಪುಟ್ಟಿ ಎನ್ನುತ್ತಾಳೆ. ಅಪ್ಪ ಎಲ್ಲಿ ಎಂದು ಕೇಳಿದರೆ ಟಿ.ವಿ. ಒಳಗಿದ್ದಾರೆ ಎನ್ನುತ್ತಾಳೆ.' ನಾನು ಇದ್ದದ್ದನ್ನು ಇದ್ದ ಹಾಗೆ ಓದಿದೆ. ಓದಿ ಮುಗಿಸುವಷ್ಟರಲ್ಲಿ ನನ್ನ ಮುಂದಿದ್ದ ಮಾನಿಟರಿನಲ್ಲಿ ನನ್ನ ಮುಖ ಎಡಕ್ಕೂ ಬಲಕ್ಕೂ ಅಲುಗತೊಡಗಿತು. ಒಂಬತ್ತು ಸೆಕೆಂಡು. ಆಮೇಲೆ ಚಿತ್ರ ಮೊದಲಿನಂತೆ ನಿಂತಿತು. ಆ ಒಂಬತ್ತು ಸೆಕೆಂಡು ಮುಗಿಯುವಾಗ ನಾನು ಚೀಟಿಯಲ್ಲಿಲ್ಲದ ಒಂದು ಮಾತು ಸೇರಿಸಿದೆ: 'ಪುಟ್ಟೀ, ನಿಮ್ಮಪ್ಪ ಇಲ್ಲೇ ಇದ್ದಾರೆ. ಕೆಲಸ ಮುಗಿಸಿ ಬರ್ತಾರೆ.' ಮೌನಿ ಮರುದಿನ ಮಧ್ಯಾಹ್ನ, ಪಕ್ಕದ ಕೇಂದ್ರದಿಂದ ಬದಲಿ ಕ್ಯಾಮೆರಾಮನ್ ದೋಣಿಯಲ್ಲಿ ಬಂದ ಮೇಲೆ, ಆ ಶಾಲೆಗೆ ಹೋದರು.

ನೀರಿಳಿದ ಮೇಲೆ ನಿರ್ದೇಶಕರು ವಾಪಸು ಬಂದು ಎರಡು ದಿನದ ಟೇಪುಗಳನ್ನು ಒಂದೂ ಬಿಡದೆ ನೋಡಿದರು. ಮೆಚ್ಚಿದರು ಎಂದೇ ನನ್ನ ನಂಬಿಕೆ, ಏಕೆಂದರೆ ಇಬ್ಬರಿಗೆ ಮಾತ್ರ ಮೆಮೊ ಕೊಟ್ಟರು. ನನ್ನದು, ಲಿಖಿತ ಪ್ರತಿಯಲ್ಲಿ ಇಲ್ಲದ ವಾಕ್ಯ ಸೇರಿಸಿದ್ದಕ್ಕೆ. ಮೌನಿಯದು, 'ಒಂದನೆಯ ಕ್ಯಾಮೆರಾದ ಚಿತ್ರ ಸುಮಾರು ಒಂಬತ್ತು ಸೆಕೆಂಡು ಅಲುಗಿದ್ದು ಕಂಡುಬಂದಿದೆ, ಕಾರಣ ತಿಳಿಸುವುದು' ಎಂದು. ಮೌನಿ ಉತ್ತರ ಬರೆಯುವಾಗ ನಾನು ಪಕ್ಕದಲ್ಲೇ ಇದ್ದೆ. 'ಕೈ ತಪ್ಪಿತು. ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ' ಎಂದು ಎರಡು ಸಾಲು ಬರೆದು ಸಹಿ ಹಾಕಿದರು. 'ಅಲ್ಲ ಮಾರಾಯ್ರೇ, ಕಾರಣ ಕೇಳಿದಾರಲ್ಲ, ಮಗಳ ವಿಷಯ ಬರೀರಿ' ಎಂದು ನಾನು ರೇಗಿದೆ. ಅವರು ಪೆನ್ನಿನ ಮುಚ್ಚಳ ಹಾಕುತ್ತ, 'ಅದು ಮನೆ ವಿಷಯ ಅಕ್ಕಾ. ಅವ್ರು ಕೇಳಿರೋದು ಕ್ಯಾಮೆರಾ ವಿಷಯ' ಎಂದರು. ಆ ಮೆಮೊ ಮತ್ತು ಆ ಉತ್ತರ ಅವರ ಸೇವಾ ಕಡತದಲ್ಲಿ ನಿವೃತ್ತಿಯವರೆಗೂ ಇದ್ದವು, ಈಗಲೂ ಇರಬೇಕು.

ಇನ್ನು ತಮ್ಮ ಸಮಿತಿಯ ಕಲಾಪ್ರೇಮಕ್ಕೆ ಬರುತ್ತೇನೆ. ಐದನೆಯ ಉಪನ್ಯಾಸದಲ್ಲಿ ಯಾವುದೋ ಕಪಾಟಿನಿಂದ ಆ ಒಂಬತ್ತು ಸೆಕೆಂಡಿನ ತುಣುಕನ್ನು ತೆಗೆದು, ಧ್ವನಿಯಿಲ್ಲದೆ, ಪರದೆಯ ಮೇಲೆ ತೋರಿಸಲಾಯಿತು. ಅಂದಿನಿಂದ ಅದಿಲ್ಲದೆ ತಮ್ಮ ಯಾವ ಉಪನ್ಯಾಸವೂ ನಡೆದಿಲ್ಲ. ಒಬ್ಬ ಪ್ರಾಧ್ಯಾಪಕರು ಅದನ್ನು 'ಕಂಪನದ ಸೌಂದರ್ಯ' ಎಂದು ಕರೆದು ನಲವತ್ತು ನಿಮಿಷ ಕೊರೆದರು. ಇನ್ನೊಬ್ಬರು, ದೃಶ್ಯವನ್ನು ಬೇಕೆಂದೇ ಅಲುಗಿಸುವ ಧೈರ್ಯ ಆ ಕಾಲದಲ್ಲಿ ನಮ್ಮ ನಿರ್ದೇಶಕರಿಗಲ್ಲದೆ ಬೇರಾರಿಗಿತ್ತು ಎಂದು ಸಭೆಯನ್ನೇ ಕೇಳಿದರು. ಮೆಮೊ ಕೊಟ್ಟವರಿಗೆ ಸ್ಮಾರಕವೂ ಮೆಮೊ ಪಡೆದವರಿಗೆ ಮೌನವೂ ಇಷ್ಟು ಅಚ್ಚುಕಟ್ಟಾಗಿ ಹಂಚಿಕೆಯಾದದ್ದನ್ನು ನಾನು ಬೇರೆ ಯಾವ ಕಚೇರಿಯಲ್ಲೂ ಕಂಡಿಲ್ಲ.

ನಾನು ಸುಮ್ಮನಿದ್ದೆನೇ? ಇಲ್ಲ. ತಮ್ಮ ನಿಯಮದಂತೆ ಪ್ರಶ್ನೆಗಳನ್ನು ಬರೆದು ಕೊಡಬೇಕು, ಆದ್ದರಿಂದ ಐದು ವರ್ಷ ಬರೆದು ಕೊಟ್ಟೆ. ಮೊದಲ ವರ್ಷ ಸಮಯದ ಅಭಾವ ಎಂದಿರಿ. ಎರಡನೆಯ ವರ್ಷ ವಿಷಯಕ್ಕೆ ಸಂಬಂಧಿಸಿಲ್ಲ ಎಂದಿರಿ. ಮೂರನೆಯ ವರ್ಷ ನನ್ನ ಕೈಬರಹ ಓದಲಾಗುತ್ತಿಲ್ಲ ಎಂದಿರಿ; ಟೈಪು ಮಾಡಿ ಕೊಟ್ಟಿದ್ದೆ. ಆಮೇಲಿನೆರಡು ವರ್ಷ ಏನೂ ಹೇಳಲಿಲ್ಲ, ಆ ಸರಳತೆ ನನಗೆ ಹೆಚ್ಚು ಹಿಡಿಸಿತು.

ಮೌನಿ ಮಾತ್ರ ಒಂದು ಉಪನ್ಯಾಸಕ್ಕೂ ಬಂದವರಲ್ಲ. ಕರೆದಾಗಲೆಲ್ಲ 'ಅದನ್ನ ಇನ್ನೂ ತೋರಿಸ್ತಾರಂತಲ್ಲ, ನನಗ್ಯಾಕೆ ಅಕ್ಕಾ' ಎನ್ನುತ್ತಿದ್ದರು. ಅವರಿಗೆ ಅದು ಎಲ್ಲರೆದುರು ವರ್ಷವರ್ಷವೂ ಎತ್ತಿ ತೋರಿಸುವ ತಮ್ಮ ತಪ್ಪು. ಮೂವತ್ತಾರು ವರ್ಷದ ಸೇವೆಯಲ್ಲಿ ಅವರ ಚಿತ್ರ ಅಲುಗಿದ್ದು ಅದೊಂದೇ ಸಲ. ಅದನ್ನೇ ಜನ ಚಪ್ಪಾಳೆ ತಟ್ಟಿ ನೋಡುತ್ತಾರೆ ಎಂದರೆ ಗೇಲಿಯಲ್ಲದೆ ಮತ್ತೇನು ಎಂದುಕೊಂಡಿದ್ದರು. ಅವರ ಮಗಳಿಗಿದ್ದ ನೋವು ಬೇರೆ. ಆ ಪುಟ್ಟಿಗೆ ಈಗ ನಲವತ್ತನಾಲ್ಕು. ಹಲ್ಲಿನ ವೈದ್ಯೆ, ಇಬ್ಬರು ಮಕ್ಕಳ ತಾಯಿ. ನೆರೆಯ ದಿನ ಶಾಲೆಯಲ್ಲಿ ಬೇರೆ ಮಕ್ಕಳ ಅಪ್ಪಂದಿರು ಅಂದೇ ಬಂದರು, ತನ್ನ ಅಪ್ಪ ಮರುದಿನ ಬಂದರು ಎಂಬುದನ್ನು ಅವಳು ಮನೆಗೆ ಬಂದವರಿಗೆಲ್ಲ ತಮಾಷೆಯಂತೆ ಹೇಳುತ್ತಿದ್ದಳು: 'ನಮ್ಮಪ್ಪಂಗೆ ಮೊದಲ್ನೇ ಮಗಳು ಕ್ಯಾಮೆರಾ, ನಾನು ಎರಡನೇವಳು.' ಎಲ್ಲರೂ ನಗುತ್ತಿದ್ದರು, ಮೌನಿ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ನಾನಾದರೂ ನಿಜವನ್ನು ಅವಳಿಗೆ ಹೇಳಬಹುದಿತ್ತು. ಒಮ್ಮೆ ಹೇಳಲು ಹೊರಟೆ ಕೂಡ. ಮೌನಿ ನನ್ನತ್ತ ನೋಡಿದರು. ಇನ್ನೊಬ್ಬರ ಮನೆ ವಿಷಯ ಎಂದು ಸುಮ್ಮನಾದೆ. ಈ ಪತ್ರದಲ್ಲಿ ನಾನು ನಿಜವಾಗಿ ವಿಷಾದಿಸಬೇಕಾದ ಸಂಗತಿ ಇದೊಂದೇ.

ಈ ವರ್ಷ ಸಭಾಂಗಣದ ಹೊರಗೆ ಹಳೆಯ ಮತ್ತು ಹೊಸ ಕ್ಯಾಮೆರಾಗಳ ಪ್ರದರ್ಶನ ಇಟ್ಟಿದ್ದಿರಿ. ಅದರ ಆಸೆ ತೋರಿಸಿ ಅಪ್ಪನನ್ನೂ ಮಗಳನ್ನೂ ಕರೆತಂದವಳು ನಾನು. ಅಡಚಣೆಯ ಮೂಲ ಹುಡುಕುವ ತಮ್ಮ ತನಿಖೆ ಇಲ್ಲಿಗೆ ಮುಗಿಯಬಹುದು. ಮೌನಿ ಒಂದು ಹಳೆಯ ಸ್ಟುಡಿಯೋ ಕ್ಯಾಮೆರಾದ ಹಿಡಿಕೆಯನ್ನು ಹಗುರಾಗಿ ತಿರುಗಿಸಿ ನೋಡುತ್ತಿದ್ದಾಗ ತಮ್ಮ ಸ್ವಯಂಸೇವಕಿಯೊಬ್ಬಳು 'ತಾತಾ, ಅದನ್ನ ಮುಟ್ಬಾರ್ದು, ಹಾಳಾಗುತ್ತೆ' ಎಂದಳು. ಅವರು 'ಹೌದಮ್ಮ' ಎಂದು ಕೈ ಹಿಂದಕ್ಕೆ ಕಟ್ಟಿಕೊಂಡರು. ಮುಂದಿನ ಸಾಲು ಅತಿಥಿಗಳಿಗೆ ಮೀಸಲಾಗಿತ್ತು, ಅತಿಥಿಗಳು ಬಂದಿರಲಿಲ್ಲ. ನಾವು ಖಾಲಿ ಕುರ್ಚಿಗಳ ಹಿಂದೆ ಗೌರವದಿಂದ ಕುಳಿತೆವು.

ಈ ಸಲದ ಉಪನ್ಯಾಸಕಿ ಒಬ್ಬ ಎಳೆಯ ಸಂಶೋಧಕಿ. ಅವರ ತಪ್ಪೇನೆಂದರೆ ಕೆಲಸವನ್ನು ನಿಜವಾಗಿ ಮಾಡಿದ್ದರು; ತುಣುಕಿನ ಮೂಲ ಟೇಪನ್ನು ಹುಡುಕಿ, ಮೊದಲ ಬಾರಿಗೆ ಅದನ್ನು ಧ್ವನಿಯ ಸಮೇತ ತಂದಿದ್ದರು. 'ಕ್ಯಾಮೆರಾ ಇಲ್ಲಿ ಯಾಕೆ ಅಲುಗುತ್ತೆ ಅನ್ನೋದು ನನಗಿನ್ನೂ ಗೊತ್ತಾಗಿಲ್ಲ' ಎಂದು ಅವರು ಪ್ರಾಮಾಣಿಕವಾಗಿ ಹೇಳಿದರು. ತಮ್ಮ ವೇದಿಕೆಯ ಮೇಲೆ 'ಗೊತ್ತಾಗಿಲ್ಲ' ಎಂಬ ಪದ ಹನ್ನೆರಡು ವರ್ಷದಲ್ಲಿ ಕೇಳಿಬಂದದ್ದು ಅದೇ ಮೊದಲು. ಪರದೆ ಬೆಳಗಿತು. ನನ್ನ ಮೂವತ್ತಮೂರು ವರ್ಷದ ಮುಖ, ನನ್ನ ಮೂವತ್ತಮೂರು ವರ್ಷದ ದನಿ. ಹೆಣ್ಣುಮಗು, ಆರು ವರ್ಷ ಇರಬಹುದು. ಹೆಸರು ಕೇಳಿದರೆ ಪುಟ್ಟಿ ಎನ್ನುತ್ತಾಳೆ. ಚಿತ್ರ ಅಲುಗಿತು. ನಿಮ್ಮಪ್ಪ ಇಲ್ಲೇ ಇದ್ದಾರೆ ಎಂದೆ ಪರದೆಯೊಳಗಿಂದ.

ನನ್ನ ಪಕ್ಕದಲ್ಲಿ ಪುಟ್ಟಿ ಎದ್ದು ನಿಂತು 'ಅದು ನಾನು' ಎಂದಳು. ಕಿರುಚಲಿಲ್ಲ, ದಂತವೈದ್ಯರು ಕಿರುಚುವುದಿಲ್ಲ, ಆದರೂ ಇಡೀ ಸಭಾಂಗಣಕ್ಕೆ ಕೇಳಿಸಿತು. ಆಗ ತಾವು ವೇದಿಕೆಯಿಂದ ಹೇಳಿದ ಮಾತು ಪ್ರಸಾರ ಚರಿತ್ರೆಯಲ್ಲಿ ಉಳಿಯಬೇಕಾದದ್ದು: 'ದಯವಿಟ್ಟು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ.'

ಅವಳು ತಮ್ಮತ್ತ ತಿರುಗಿಯೂ ನೋಡಲಿಲ್ಲ. ಅಪ್ಪನ ಕಡೆ ಬಗ್ಗಿ, 'ಅಲುಗ್ಸಿದ್ದು ನೀವಾ?' ಎಂದು ಕೇಳಿದಳು. ಮೌನಿ ನೆಲ ನೋಡುತ್ತ 'ಕೈ ತಪ್ತು' ಎಂದರು. 'ನಾನು ಎಲ್ಲಿದೀನಿ ಅಂತ ಗೊತ್ತಾಯ್ತಲ್ಲ. ಆಮೇಲೂ ಯಾಕೆ ಬರ್ಲಿಲ್ಲ ಅಪ್ಪಾ?' ಎಂದಳು. ಮೂವತ್ತೆಂಟು ವರ್ಷ ತಮಾಷೆಯ ಬಟ್ಟೆ ತೊಟ್ಟು ಓಡಾಡಿದ ಪ್ರಶ್ನೆ ಅದು. ಈಗ ಬಟ್ಟೆ ಕಳಚಿ ನಿಂತಿತ್ತು. ಮೌನಿ ತಲೆಯೆತ್ತಿ, 'ಇನ್ನೂ ಚೀಟಿ ಇದ್ವಲ್ಲ ಪುಟ್ಟಿ' ಎಂದರು.

ಅವಳು ಕುಳಿತುಬಿಟ್ಟಳು. ಅಪ್ಪನ ಬಲಗೈಯನ್ನು, ಆ ಹಿಡಿಕೆ ಹಿಡಿಯುತ್ತಿದ್ದ ಕೈಯನ್ನು, ತನ್ನ ಎರಡು ಕೈಗಳಲ್ಲಿ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ, ನನ್ನ ಕನ್ನಡಕವೂ ಆಗ ಸರಿಯಿರಲಿಲ್ಲ. ಸಂಶೋಧಕಿ ತಮ್ಮ ಹಾಳೆಗಳನ್ನು ಮೇಜಿನ ಮೇಲೆ ಬಿಟ್ಟು ಮೆಟ್ಟಿಲಿಳಿದು ಬಂದು, ಖಾಲಿಯಿದ್ದ ಅತಿಥಿಗಳ ಕುರ್ಚಿಯೊಂದನ್ನು ಹಿಂದುಮುಂದಾಗಿ ತಿರುಗಿಸಿ ಕುಳಿತು, 'ಸಾರ್, ಮೊದಲಿಂದ ಹೇಳ್ತೀರಾ?' ಎಂದು ಕೇಳಿದರು. ತಾವು ಹೊರಗೆ ಚಹಾದ ವ್ಯವಸ್ಥೆ ಇದೆ ಎಂದು ಮೂರು ಬಾರಿ ಘೋಷಿಸಿದಿರಿ. ಒಬ್ಬರೂ ಏಳಲಿಲ್ಲ. ತಮ್ಮ ಸಭೆಯಿಂದ ಜನ ಚಹಾಕ್ಕೆ ಏಳದೆ ಕುಳಿತದ್ದು ಅಡಚಣೆಯೇ ಹೌದಾದರೆ, ಮಾನ್ಯರೇ, ಅಪರಾಧ ಒಪ್ಪಿದೆ.

ಮೌನಿ ಅಂದು ಮಾತಾಡಿದ್ದು ಒಟ್ಟು ಹನ್ನೊಂದು ನಿಮಿಷ. ತಮ್ಮ ವರದಿಯಲ್ಲಿ 'ಹನ್ನೊಂದು ನಿಮಿಷಗಳ ಕಾರ್ಯಕ್ರಮ ನಷ್ಟ' ಎಂದು ನಮೂದಾಗಿರುವುದು ಅದೇ. ಅದರಲ್ಲಿ ಆರು ನಿಮಿಷ ಲೆನ್ಸುಗಳ ಬಗ್ಗೆ. ನಿರ್ದೇಶಕರ ವಿಷಯಕ್ಕೆ ಒಂದೇ ಮಾತು, 'ಅವ್ರು ಟೇಪು ಪೂರ್ತಿ ನೋಡಿದ್ರು, ಅದು ದೊಡ್ಡದು' ಎಂದರು. ಇದನ್ನು ತಮ್ಮ ಮುಂದಿನ ಸ್ಮರಣ ಸಂಚಿಕೆಯಲ್ಲಿ ಬಳಸಿಕೊಳ್ಳಬಹುದು. ಹನ್ನೆರಡು ವರ್ಷಗಳಲ್ಲಿ ಆ ದಿವಂಗತರ ಬಗ್ಗೆ ತಮ್ಮ ಸಭಾಂಗಣದಲ್ಲಿ ಯಾರಾದರೂ ಆಡಿದ ಅತಿ ನಿಜವಾದ ಹೊಗಳಿಕೆ ಅದು.

ಈಗ ನನ್ನ ವಿನಂತಿಗಳು. ಮೌನಿಗೆ ಕೊಟ್ಟ ಮೆಮೊವನ್ನು ವಾಪಸು ಪಡೆಯಬೇಕು. ಸಮಿತಿಗೆ ಆ ಅಧಿಕಾರವಿಲ್ಲ ಎನ್ನಬೇಡಿ. ಕಾರ್ಯಾಗಾರದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಮನುಷ್ಯನನ್ನು ಕಡಿದುಹೋದ ರಸ್ತೆಯ ಮೇಲಿಂದ ಕರೆತಂದು ಇಲ್ಲದ ನೀರಿನಲ್ಲಿ ನಿಲ್ಲಿಸಿದ ಸಮಿತಿಗೆ ಒಂದು ಹಾಳೆ ವಾಪಸು ತರುವುದು ಎಡಗೈ ಕೆಲಸ. ಮುಂದಿನ ವರ್ಷದ ಉಪನ್ಯಾಸವನ್ನು ಕ್ಯಾಂಟೀನ್ ಅಕ್ಕನಿಗೆ ವಹಿಸಬೇಕು. ವಿಷಯ, ಒದ್ದೆ ಅಕ್ಷರಗಳನ್ನು ಸುಡದೆ ಒಣಗಿಸುವುದು. ಅವಳಿಗೆ ಈಗ ಎಂಬತ್ತೆರಡು, ಹತ್ತೇ ನಿಮಿಷ ಮಾತಾಡುತ್ತಾಳೆ, ಮೈಕು ಬೇಕಿಲ್ಲ. ನನಗಿತ್ತ ಮೆಮೊವನ್ನು ಮಾತ್ರ ಹಾಗೆಯೇ ಬಿಡಿ. ಲಿಖಿತ ಪ್ರತಿಯಲ್ಲಿಲ್ಲದ ಆ ವಾಕ್ಯಕ್ಕೆ ಅದೊಂದೇ ಅಧಿಕೃತ ದಾಖಲೆ.

ಕಡೆಯದಾಗಿ ತಮ್ಮ ಕಚೇರಿಯಲ್ಲಿ ತಿರಸ್ಕೃತವಾಗಿರುವ ಒಂದು ಅರ್ಜಿಯ ಬಗ್ಗೆ. ಆ ಒಂಬತ್ತು ಸೆಕೆಂಡಿನ ಪ್ರತಿಯೊಂದು ತನಗೆ ಬೇಕೆಂದು ಪುಟ್ಟಿ ಕಳೆದ ವಾರ ತಮ್ಮ ಕಚೇರಿಗೆ ಬಂದಿದ್ದಳು. ಗುಮಾಸ್ತರು ಕೊಟ್ಟ ನಮೂನೆಯನ್ನು ಅಲ್ಲೇ ನಿಂತು ತುಂಬಿದಳು. 'ಕೋರಿರುವ ದೃಶ್ಯದೊಂದಿಗೆ ಅರ್ಜಿದಾರರ ಸಂಬಂಧ' ಎಂಬ ಸಾಲಿನ ಮುಂದೆ, ಸಂಸ್ಥೆ, ಸಂಶೋಧನೆ, ವಾಣಿಜ್ಯ ಎಂದು ಏನಾದರೂ ಬರೆಯಬೇಕಿದ್ದಲ್ಲಿ, 'ಮಗಳು' ಎಂದು ಬರೆದಳು. ನಮೂನೆಯನ್ನು ತಪ್ಪಾಗಿ ತುಂಬಲಾಗಿದೆ ಎಂದು ಅದನ್ನು ಮರಳಿಸಲಾಗಿದೆ. ಆ ಸಾಲು ಸರಿಯಾಗಿದೆ ಎಂದು, ಆ ಹೊತ್ತು ಸ್ಥಳದಲ್ಲಿದ್ದ ಸಿಬ್ಬಂದಿಯಾಗಿ, ನಾನು ಈ ಮೂಲಕ ದೃಢೀಕರಿಸುತ್ತೇನೆ.

ಇಷ್ಟೆಲ್ಲ ಆದರೂ ತಮ್ಮಲ್ಲಿ ವಿಶ್ವಾಸ ಕಳೆದುಕೊಳ್ಳಲು ಅಭ್ಯಾಸವಿಲ್ಲದ ವಿಶ್ವಾಸಿ,

ಶ್ರೀಯುತಳಲ್ಲದ ನಿವೃತ್ತ ಉದ್ಘೋಷಕಿ

ಮರೆತ ಮಾತು: ಪ್ರತಿವರ್ಷ ತಮ್ಮ ಆಹ್ವಾನ ಪತ್ರಿಕೆಯ ಮುಖಪುಟದಲ್ಲಿ 'ನೆರೆಯ ದಿನ ಸ್ಟುಡಿಯೋದಲ್ಲಿ ನಿರ್ದೇಶಕರು' ಎಂದು ಅಚ್ಚಾಗುವ, ಬೆನ್ನು ತಿರುಗಿಸಿ ನಿಂತ ಮಹನೀಯರ ಫೋಟೋ ವಾಸ್ತವದಲ್ಲಿ ಫ್ಯಾನು ರಿಪೇರಿಗೆ ಬಂದಿದ್ದ ನಮ್ಮ ಎಲೆಕ್ಟ್ರಿಷಿಯನ್ನರದು. ಹಿಂಜೇಬಿನಿಂದ ಇಣುಕುತ್ತಿರುವುದು, ಹತ್ತನೆಯ ಉಪನ್ಯಾಸಕರು ಭಾವುಕರಾಗಿ ವಿವರಿಸಿದಂತೆ ಲೇಖನಿಯಲ್ಲ, ಸ್ಕ್ರೂಡ್ರೈವರು. ಅವರು ಆರೋಗ್ಯವಾಗಿದ್ದಾರೆ, ಫೋಟೋ ಚೆನ್ನಾಗಿ ಬಂದಿದೆ ಎಂದು ತಮಗೆ ತಿಳಿಸಲು ಹೇಳಿದ್ದಾರೆ, ಮತ್ತು ಆ ಫೋಟೋದಲ್ಲಿರುವವರ ಸ್ಮಾರಕ ಉಪನ್ಯಾಸವನ್ನು ಇನ್ನು ಕೆಲವು ವರ್ಷ ಮುಂದೂಡಲು ಸಾಧ್ಯವೇ ಎಂದು ಕೇಳಿದ್ದಾರೆ.